ಮೊದಲು ತೋಟದ ಕೆಲಸ ಕೇಳಿ, ಆಮೇಲೆ ಕೋಣೆ ಕೇಳಿ

ರಜೆಗೆ ಮಕ್ಕಳನ್ನು ಕರೆದುಕೊಂಡು ಮಲೆನಾಡಿನ ಯಾವುದಾದರೂ ತೋಟದ ಮನೆಯಲ್ಲಿ ನಾಲ್ಕು ದಿನ ಇದ್ದು ಬರೋಣ ಅಂದುಕೊಂಡಿದ್ದೀರಿ. ಒಳ್ಳೆಯ ಯೋಚನೆ. ಹೊರಡುವ ಮೊದಲು, ಸಾಗರ-ಸಿದ್ದಾಪುರದ ನಡುವಿನ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದು ಅಲ್ಲೇ ಕೂದಲು ಬೆಳ್ಳಗಾದವಳ ಮಾತನ್ನು ಸ್ವಲ್ಪ ಕೇಳಿಸಿಕೊಳ್ಳಿ. ನಮ್ಮ ಮನೆಯಲ್ಲೂ ಬಂದು ಉಳಿಯುವವರಿಗೆಂದು ಕೋಣೆ ಇಟ್ಟಿದ್ದೇವೆ. ಹಾಗಾಗಿ ನಾನು ಹೇಳುವುದೆಲ್ಲ ಮನೆಯ ಒಳಗಿನಿಂದ ಕಂಡದ್ದು. ನಮ್ಮಲ್ಲಿಗೇ ಬನ್ನಿ ಅಂತ ಕರೆಯಲು ಬರೆಯುತ್ತಿಲ್ಲ. ತೀರ್ಥಹಳ್ಳಿಗೆ ಹೋಗಿ, ಕೊಪ್ಪಕ್ಕೆ ಹೋಗಿ, ಶಿರಸಿ-ಯಲ್ಲಾಪುರದ ಕಡೆ ಹೋಗಿ, ಎಲ್ಲಿಗೆ ಹೋದರೂ ನಾಲ್ಕು ದಿನ ಚೆನ್ನಾಗಿ ಕಳೆಯಲಿ ಅಂತ ಬರೆಯುತ್ತಿದ್ದೇನೆ.

ಫೋನು ಮಾಡುವವರು ಮೊದಲು ಕೇಳುವುದು ಕೋಣೆ ಎಷ್ಟು ದೊಡ್ಡದು, ಗೀಸರ್ ಇದೆಯಾ, ವೈಫೈ ಸಿಗುತ್ತದಾ, ಹತ್ತಿರದಲ್ಲಿ ಏನೇನು ನೋಡಲಿಕ್ಕಿದೆ ಅಂತ. ಮಕ್ಕಳನ್ನು ಕಟ್ಟಿಕೊಂಡು ಬರುವವರು ಇದನ್ನೆಲ್ಲ ಕೇಳಲೇಬೇಕು. ಆದರೆ ಇವೆಲ್ಲಕ್ಕಿಂತ ಮೊದಲು, "ನಾವು ಬರುವ ಹೊತ್ತಿಗೆ ನಿಮ್ಮ ತೋಟದಲ್ಲಿ ಏನು ಕೆಲಸ ನಡೀತಿರ್ತದೆ?" ಅಂತ ಕೇಳಿ. ಬೇಸಾಯ ಮಾಡುವ ಮನೆಯಾದರೆ ಉತ್ತರ ತಡವರಿಸುವುದಿಲ್ಲ. "ಆಗ ಕೊಯ್ಲು ಶುರುವಾಗಿರ್ತದೆ, ರಾತ್ರಿ ಸುಲಿಗೆ ಇರ್ತದೆ, ಸ್ವಲ್ಪ ಗಲಾಟೆ, ನಿಮಗೆ ಅಡ್ಡಿಲ್ಲ ತಾನೆ?" ಅಂತ ಅವರೇ ತಿರುಗಿ ಕೇಳುತ್ತಾರೆ. ಅಂಥ ಮನೆಯನ್ನು ಬಿಡಬೇಡಿ. ಆ ಕಡೆಯವರು ಕ್ಯಾಂಪ್‌ಫೈರ್, ಡಿಜೆ, ರೈನ್ ಡ್ಯಾನ್ಸ್ ಅಂತ ಪಟ್ಟಿ ಹೇಳತೊಡಗಿದರೆ ಅದು ರೆಸಾರ್ಟು. ರೆಸಾರ್ಟಿಗೆ ಹೋಗಬೇಕೆಂದಿದ್ದರೆ ಹೋಗಿ, ಆದರೆ ತೋಟದ ಮನೆಯ ರಜೆ ಅಂತ ಹೇಳಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ, ಮನೆಯವರು ಅದೇ ಮನೆಯಲ್ಲಿ ವಾಸ ಇದ್ದಾರಾ ಅನ್ನುವುದನ್ನೂ ಕೇಳಿಕೊಳ್ಳಿ. ಯಜಮಾನರು ಬೆಂಗಳೂರಿನಲ್ಲಿದ್ದು, ಇಲ್ಲಿ ಬೀಗದ ಕೈ ಕೊಡಲು ಒಬ್ಬ ಹುಡುಗನನ್ನು ಇಟ್ಟಿದ್ದರೆ ಆ ಮನೆಯಲ್ಲಿ ನಿಮ್ಮ ಮಕ್ಕಳಿಗೆ ಸಿಗುವುದು ಹಾಸಿಗೆ ಮಾತ್ರ.

ಮಕ್ಕಳು ಹಸಿರು ನೋಡಲಿ ಅಂತ ಬರುವವರು ಬಹಳ. ಹಸಿರನ್ನು ಮಗು ಅರ್ಧ ದಿನ ನೋಡೀತು. ಎರಡನೆಯ ದಿನ ಬೆಳಿಗ್ಗೆ "ಅಮ್ಮಾ, ಬೋರು" ಅನ್ನುತ್ತದೆ. ಅದು ಮಗುವಿನ ತಪ್ಪಲ್ಲ. ಅದೇ ಮಗುವನ್ನು ಕೆಲಸ ನಡೆಯುವ ಕಡೆ ಬಿಟ್ಟು ನೋಡಿ, ಊಟಕ್ಕೆ ಕರೆದರೂ ಬರುವುದಿಲ್ಲ. ಯಾರೋ ಏನನ್ನೋ ಕೈಯಾರೆ ಮಾಡುತ್ತಿರುವುದನ್ನು ಹತ್ತಿರ ನಿಂತು ನೋಡುವುದು ಪೇಟೆಯ ಮಕ್ಕಳಿಗೆ ಈಗ ಸಿಗುತ್ತಲೇ ಇಲ್ಲ. ಅದಕ್ಕೇ ನಾನು ಕಾಲ ನೋಡಿ ಬನ್ನಿ ಅನ್ನುವುದು.

ನನ್ನ ಕೇಳಿದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಕಾಲವೇ ಮೇಲು. ಅಡಿಕೆ ಕೊಯ್ಲಿನ ಕಾಲ ಅದು. ಅಡಿಕೆ ಗೊನೆಗೆ ನಮ್ಮ ಕಡೆ ಕೊನೆ ಅನ್ನುತ್ತೇವೆ, ಅದನ್ನು ಕೊಯ್ಯುವವರಿಗೆ ಕೊನೆಗೌಡರು. ಐವತ್ತು-ಅರವತ್ತು ಅಡಿ ಎತ್ತರದ ಮರ, ಕಾಂಡ ಎರಡು ಕೈಯ ಹಿಡಿತಕ್ಕೆ ಸಿಗುವಷ್ಟು ಸಪೂರ. ಕಾಲಿಗೆ ತಳೆ ಹಾಕಿಕೊಂಡು ತುದಿಯವರೆಗೆ ಹತ್ತಿ, ಕೊನೆ ಕೊಯ್ದು, ಇಳಿಯದೆ ಮರವನ್ನೇ ತೂಗಿ ಪಕ್ಕದ ಮರ ಹಿಡಿದು ದಾಟಿಬಿಡುತ್ತಾರೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ನಿಂತವರ ಕೈಗೆ ಬರುತ್ತದೆ. ಈ ಕಸುಬು ಕಲಿತವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈಗ ಎಷ್ಟೋ ತೋಟಗಳಲ್ಲಿ ನೆಲದ ಮೇಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಕೊಯ್ಯುತ್ತಾರೆ. ಮರ ಹತ್ತಿ ಬಿದ್ದವರ ಮನೆಗಳನ್ನು ಕಂಡವಳು ನಾನು, ದೋಟಿ ಬಂದದ್ದು ನನಗೆ ಸಮಾಧಾನವೇ. ಎರಡರಲ್ಲಿ ಯಾವುದು ಕಂಡರೂ ಮಕ್ಕಳನ್ನು ದೂರ ನಿಲ್ಲಿಸಿಕೊಂಡು ನೋಡಿ. ಮರದ ಬುಡಕ್ಕೆ ಹೋಗಬಾರದು, ಮೇಲಿದ್ದವರನ್ನು "ಅಂಕಲ್, ಈ ಕಡೆ ನೋಡಿ" ಅಂತ ಕೂಗಿ ಫೋಟೋ ಕೇಳಬಾರದು. ಅಷ್ಟು ಎತ್ತರದಲ್ಲಿ ಒಂದು ಗಳಿಗೆ ಗಮನ ತಪ್ಪುವುದೂ ಅಪಾಯ.

ಕೆಂಪಡಿಕೆ ಮಾಡುವ ಮನೆಯಾದರೆ ರಾತ್ರಿ ಸುಲಿಗೆ ಇರುತ್ತದೆ. ಮಣೆಗೆ ನೆಟ್ಟ ಮೆಟ್ಟುಕತ್ತಿಯ ಮುಂದೆ ಹೆಂಗಸರು-ಗಂಡಸರು ಸಾಲಾಗಿ ಕೂರುತ್ತಾರೆ. ಹಸಿ ಅಡಿಕೆಯನ್ನು ಕತ್ತಿಯ ಬಾಯಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಒಂದು ಕಡೆ, ಕಾಯಿ ಬುಟ್ಟಿಯ ಕಡೆ. ಬೆರಳ ತುದಿಗಳೆಲ್ಲ ಕಪ್ಪು. ಸುಲಿದ ಅಳತೆಯ ಮೇಲೆ ಕೂಲಿಯಾದ್ದರಿಂದ ಕೈ ನಿಲ್ಲುವುದಿಲ್ಲ, ಆದರೆ ಬಾಯಿಗೆ ಬಿಡುವು. ಊರ ಸುದ್ದಿ, ಹಳೆ ಕತೆ, ಯಕ್ಷಗಾನದ ಯಾವುದೋ ಪ್ರಸಂಗದ ಚರ್ಚೆ, ಎಲ್ಲಾ ಅಲ್ಲೇ. ಪಕ್ಕದಲ್ಲಿ ಹಂಡೆಯಲ್ಲಿ ತೊಗರು, ಅಂದರೆ ಅಡಿಕೆಯ ಚೊಗರು, ಹಾಕಿ ಅಡಿಕೆ ಬೇಯುತ್ತಿರುತ್ತದೆ. ಬೆಳಿಗ್ಗೆ ಅದನ್ನು ಅಟ್ಟದ ಮೇಲೆ ಹರವುತ್ತಾರೆ. ನಿಮ್ಮ ಮಕ್ಕಳು ಆ ಜಗುಲಿಯ ಮೂಲೆಯಲ್ಲಿ ಕೂತು ಕತೆ ಕೇಳಲಿ. ಕತ್ತಿಯನ್ನು ಮುಟ್ಟದಿರಲಿ, ಅಡಿಕೆಯನ್ನು ಬಾಯಿಗೆ ಹಾಕದಿರಲಿ. ಹಸಿ ಅಡಿಕೆ ಸೊಕ್ಕುತ್ತದೆ, ದೊಡ್ಡವರಿಗೇ ತಲೆ ಸುತ್ತಿ ಬೆವರು ಬರುತ್ತದೆ. ನಮ್ಮ ಅನ್ನ ಹುಟ್ಟುವುದು ಅಡಿಕೆಯಿಂದಲೇ ಆದರೂ ನಮ್ಮ ಮೊಮ್ಮಕ್ಕಳ ಬಾಯಿಗೆ ಅದನ್ನು ಬಿಡುವುದಿಲ್ಲ. ಸುಲಿಯುವ ಯಂತ್ರ ಬಂದ ಮೇಲೆ ಈ ರಾತ್ರಿಗಳು ಬಹಳ ಮನೆಗಳಲ್ಲಿ ನಿಂತುಹೋಗಿವೆ, ಇನ್ನೂ ನಡೆಯುವ ಮನೆ ಯಾವುದು ಅಂತ ವಿಚಾರಿಸಿ ಹೋಗಿ.

ಸಂಕ್ರಾಂತಿ ಕಳೆದ ಮೇಲೆ ಬಂದರೆ ಆಲೆಮನೆಯೂ ಸಿಗುತ್ತದೆ. ಆಲೆಮನೆಗೆ ಬಂದವರಿಗೆ ಕಬ್ಬಿನ ಹಾಲು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕೊಪ್ಪರಿಗೆಯ ಮೇಲೆ ಏಳುವ ನೊರೆಬೆಲ್ಲವನ್ನು ಬಾಳೆ ಎಲೆಯ ಚೂರಿನಲ್ಲಿ ಹಿಡಿದು ನೆಕ್ಕುವ ಮಕ್ಕಳ ಮುಖ ನೀವೇ ನೋಡಬೇಕು. ಒಂದು ಸಲ ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬವೊಂದು ಬಂದಿತ್ತು, ಮೂಲ ಮಂಡ್ಯದ ಕಡೆಯವರು. ಮೊಣಕಾಲು ನೋವಿನ ಅಜ್ಜಿ ಎರಡು ದಿನ ಜಗುಲಿ ಬಿಟ್ಟು ಕದಲಿರಲಿಲ್ಲ, ಎಲ್ಲರಿಗೂ ತಾನು ಭಾರ ಅನ್ನುವ ಮುಖ ಮಾಡಿಕೊಂಡು ಕೂತಿದ್ದರು. ಮೂರನೆಯ ಸಂಜೆ ಆಲೆಮನೆಗೆ ಕರೆದುಕೊಂಡು ಹೋದೆವು. ಕೊಪ್ಪರಿಗೆಯ ಹತ್ತಿರ ನಿಂತು ಒಂದು ತೊಟ್ಟು ಪಾಕವನ್ನು ನೀರಿಗೆ ಬಿಡಿಸಿಕೊಂಡು, ಬೆರಳಲ್ಲಿ ಉರುಟಿ ನೋಡಿ, "ಇನ್ನೊಂಚೂರು ಕುದುದ್ರೆ ಅಚ್ಚಿಗೆ ಬತ್ತದೆ ಕಣವ್ವ, ಇಳುಸ್ತಾ ಇದ್ದೀರಲ್ಲ" ಅಂದರು. ನಮ್ಮದು ಜೋನಿ ಬೆಲ್ಲ, ಅಚ್ಚಿಗೆ ಬರುವ ಮೊದಲೇ ಇಳಿಸಿ ಡಬ್ಬ ತುಂಬುತ್ತೇವೆ ಅಂತ ಹೇಳಿದೆ. ಆಮೇಲೆ ಆಲೆ ಹಾಕುವವರಿಗೂ ಅವರಿಗೂ ಮಾತು ಮುಗಿಯಲಿಲ್ಲ. ಅಜ್ಜಿಯ ತವರಿನಲ್ಲಿ ಆಲೆಮನೆ ಇತ್ತೆಂಬುದು ಹತ್ತು ವರ್ಷದ ಮೊಮ್ಮಗನಿಗೆ ಗೊತ್ತಾದದ್ದು ಅವತ್ತೇ. ಮರುದಿನ ಪೂರ್ತಿ ಅವನು ಅಜ್ಜಿಯ ಬೆನ್ನು ಬಿಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಅತ್ತೆ-ಮಾವನನ್ನೋ ಅಪ್ಪ-ಅಮ್ಮನನ್ನೋ ಮನೆ ಕಾಯಲು ಬಿಟ್ಟು ಬರಬೇಡಿ. ಕಮೋಡ್ ಇದೆಯಾ, ಮೆಟ್ಟಿಲು ಎಷ್ಟು, ಮಲಗುವ ಕೋಣೆ ನೆಲಮಟ್ಟದಲ್ಲಿದೆಯಾ ಅಂತ ಮೊದಲೇ ಕೇಳಿಕೊಂಡು ಅವರನ್ನು ಕರೆದುಕೊಂಡೇ ಬನ್ನಿ. ಹಳ್ಳಿಯಲ್ಲಿ ಹುಟ್ಟಿ ಪೇಟೆಯಲ್ಲಿ ಮಾತು ಕಳೆದುಕೊಂಡ ಹಿರಿಯರಿಗೆ ಇಲ್ಲಿ ಹೇಳಲು ನೂರು ಸಂಗತಿ ಇರುತ್ತದೆ.

ಬೇಸಿಗೆ ರಜೆಗೇ ಬರುವುದಾದರೆ ಹಲಸಿನ ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಮಾಡದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಬೇಯಿಸಿದ ತೊಳೆಯನ್ನು ಕುಟ್ಟಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಒಣಗಿಸುವ ಕೆಲಸಕ್ಕೆ ಎಷ್ಟು ಕೈ ಇದ್ದರೂ ಬೇಕು. ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ ಅದು, ಒಣಗುವ ಮೊದಲೇ ಕಿತ್ತು ತಿಂದರೂ ಯಾರೂ ಗದರುವುದಿಲ್ಲ. ಸ್ವಲ್ಪ ಮುಂಚೆ ಬಂದರೆ ಅಪ್ಪೆಮಿಡಿ ಕೊಯ್ದು ಉಪ್ಪಿಗೆ ಹಾಕುವುದನ್ನು ನೋಡಬಹುದು. ಮಿಡಿಯನ್ನು ನೆಲಕ್ಕೆ ಬೀಳಿಸಬಾರದು, ತೊಟ್ಟು ಮುರಿಯುವಾಗ ಚಿಮ್ಮುವ ಸೊನೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಆದರೆ ಒಂದು ನೆನಪಿರಲಿ, ಬೇಸಿಗೆಯಲ್ಲಿ ನಮ್ಮಲ್ಲೂ ನೀರಿಗೆ ತತ್ವಾರ. ಮಳೆನಾಡಲ್ಲವಾ ಅಂತ ನೀವು ಅಂದುಕೊಳ್ಳುತ್ತೀರಿ, ಆದರೆ ಮೇ ಹೊತ್ತಿಗೆ ಬಾವಿಯ ತಳ ಕಾಣುವ ಊರುಗಳಿವೆ. ಬಚ್ಚಲಲ್ಲಿ ಹಂಡೆಯ ಬಿಸಿನೀರು ಎಷ್ಟು ಹಿತವಾಗಿದ್ದರೂ ಬಕೆಟ್ಟಿನ ಲೆಕ್ಕ ಇಟ್ಟುಕೊಳ್ಳಿ.

ದಸರಾ ರಜೆಯೂ ಒಳ್ಳೆಯದೇ. ಮಳೆ ಇಳಿದಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಗದ್ದೆ ಹೊಡೆ ತುಂಬಿ ನಿಂತಿರುತ್ತದೆ. ವಿಜಯದಶಮಿ ಕಳೆದು ಬರುವ ಹುಣ್ಣಿಮೆಯೇ ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಭೂಮಿ ತುಂಬು ಬಸುರಿ ಅಂತ ತಿಳಿದು ಬಯಕೆ ಊಟ ಬಡಿಸುವ ಹಬ್ಬ. ಸಾಗರ, ಸೊರಬ, ಸಿದ್ದಾಪುರದ ದೀವರ ಮನೆಗಳಲ್ಲಿ ಅದರ ತಯಾರಿ ಮೊದಲೇ ಶುರುವಾಗಿರುತ್ತದೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನ ಬಣ್ಣದಲ್ಲಿ ಅದ್ದಿ, ಹೆಂಗಸರು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಅಂತ ಅದರ ಹೆಸರು. ರಾತ್ರಿಯೆಲ್ಲ ಅಡುಗೆ ಮಾಡಿ ಅದರಲ್ಲಿ ತುಂಬಿಕೊಂಡು ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ. ಗದ್ದೆಯ ಅಂಚಿನಲ್ಲೇ ಎಡೆ, ಪೂಜೆ, ಊಟ. ಆ ಹೊತ್ತಿಗೆ ಮನೆಯವರು ಕರೆದರೆ ಮಕ್ಕಳನ್ನು ಎಬ್ಬಿಸಿಕೊಂಡು ಹೋಗಿ. ಕರೆಯದೆ ಕ್ಯಾಮೆರಾ ಹಿಡಿದು ಹೋಗಬೇಡಿ, ಅದು ಅವರ ಪೂಜೆ.

ಇನ್ನು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ. ಮಳೆ ನೋಡಲೆಂದೇ ಬರುವವರು ಈಗ ಬಹಳ. ಬನ್ನಿ, ಆದರೆ ನಿಮ್ಮನ್ನು ಉಳಿಸಿಕೊಂಡ ಮನೆಯವರ ಮನಸ್ಸು ಆಗ ಎಲ್ಲಿರುತ್ತದೆ ಅನ್ನುವುದನ್ನು ತಿಳಿದುಕೊಂಡು ಬನ್ನಿ. ಕೊಳೆರೋಗ ಬಿದ್ದರೆ ಎಳೆಗಾಯಿ ಉದುರಿ ವರ್ಷದ ದುಡಿಮೆ ಮಣ್ಣುಪಾಲು. ಅದಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನೆಯ ಸಲದ್ದು ಪುನರ್ವಸು, ಪುಷ್ಯ ಮಳೆಯ ನಡುವೆ ಬರುತ್ತದೆ. ಮಳೆ ಒಂದು ಹೊತ್ತು ಹೊಳವು ಕೊಟ್ಟರೆ ಇಡೀ ಊರೇ ತೋಟದಲ್ಲಿರುತ್ತದೆ. ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬೇರೆ. ಅಂಥ ದಿನ ಯಜಮಾನರು ನಿಮ್ಮ ಜೊತೆ ಕಾಫಿಗೆ ಕೂರಲಿಲ್ಲ, ಜೋಗಕ್ಕೆ ಕರೆದುಕೊಂಡು ಹೋಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಬೋರ್ಡೋ ಕಲಸಿದ ಡ್ರಮ್ಮಿನ ಹತ್ತಿರ ಮಕ್ಕಳನ್ನು ಬಿಡಬೇಡಿ. ಕರೆಂಟು ಹೋದರೆ ಎರಡು ದಿನಕ್ಕೆ ಬರಬಹುದು ಅನ್ನುವ ಲೆಕ್ಕದಲ್ಲೇ ಟಾರ್ಚು, ಮೊಬೈಲಿನ ಪವರ್ ಬ್ಯಾಂಕು, ಮಕ್ಕಳಿಗೆ ಬೆಚ್ಚನೆಯ ಬಟ್ಟೆ ತನ್ನಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ಮಳೆಗಾಲ ಬೇಡ ಅಂತಲೇ ನನ್ನ ಮಾತು.

ಮಳೆಗಾಲದ ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಕಿರುಚುವವರು ದೊಡ್ಡವರೇ ಹೊರತು ಮಕ್ಕಳಲ್ಲ. ಕಚ್ಚಿದ್ದನ್ನು ಜಗ್ಗಿ ಕೀಳಬೇಡಿ, ಉಪ್ಪೋ ಸುಣ್ಣವೋ ಮುಟ್ಟಿಸಿದರೆ ಬಿಟ್ಟುಬಿಡುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಒಸರುತ್ತದೆ, ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ಗಾಬರಿಯ ಸಂಗತಿ ಅಲ್ಲ.

ಗಾಬರಿ ಅಲ್ಲದಿದ್ದರೂ ಎಚ್ಚರ ಬೇಕಾದ್ದು ಉಣುಗಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಈ ಸೀಮೆ ಬಿಟ್ಟು ಹೋಗಿಲ್ಲ. ಉಣುಗು ಕಚ್ಚಿ ಬರುವ ಜ್ವರ ಅದು, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ನೀವು ಬರುವ ಕಾಲವೂ ಅದೇ. ಹಾಗಂತ ಬರುವುದನ್ನೇ ಬಿಡಬೇಕಿಲ್ಲ. ಫೋನಿನಲ್ಲೇ "ಈ ಸಲ ನಿಮ್ಮ ಕಡೆ ಮಂಗನ ಕಾಯಿಲೆ ಇದೆಯಾ, ಮಂಗ ಸತ್ತ ಸುದ್ದಿ ಇದೆಯಾ" ಅಂತ ನೇರ ಕೇಳಿ. ಮುಚ್ಚಿಡುವ ಮನೆಗೆ ಹೋಗಬೇಡಿ. ಇದೆ ಅಂದರೆ ಅಂಗಳ, ತೋಟದೊಳಗೇ ಇರಿ, ಬೆಟ್ಟಕ್ಕೆ, ಕಾಡಿಗೆ ಹೋಗಬೇಡಿ. ಕಾಲು ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಮನೆಯಲ್ಲಿದ್ದರೆ ಕೇಳಿ ಹಚ್ಚಿಕೊಳ್ಳಿ. ಒಣ ದರಕಿನ ಮೇಲೆ ಮಕ್ಕಳು ಹೊರಳಾಡದಿರಲಿ. ಸಂಜೆ ಬಿಸಿನೀರಿನ ಸ್ನಾನ, ಸ್ನಾನದ ಹೊತ್ತಿಗೆ ಕಂಕುಳು, ಕಿವಿಯ ಹಿಂದೆ, ಮಂಡಿಯ ಹಿಂದೆ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಮನೆಯವರಿಗೆ ತಿಳಿಸಿ. ಊರಿಗೆ ಮರಳಿದ ಮೇಲೆ ವಾರ-ಹತ್ತು ದಿನದೊಳಗೆ ಯಾರಿಗಾದರೂ ಜ್ವರ ಬಂದರೆ, ಮಲೆನಾಡಿಗೆ ಹೋಗಿದ್ದೆವು ಅನ್ನುವುದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ಪೇಟೆಯ ಡಾಕ್ಟರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.

ನನಗೆ ಎಲ್ಲಕ್ಕಿಂತ ಭಯ ನೀರಿನದು. ಹೊಳೆ, ಹಳ್ಳ, ಜಲಪಾತದ ಗುಂಡಿ ನೋಡಲು ತಿಳಿಯಾಗಿರುತ್ತದೆ, ತಳದ ಕಲ್ಲು ಜಾರುತ್ತದೆ, ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ನೋಡನೋಡುತ್ತ ನೀರು ಏರುತ್ತದೆ. ಊರವರು ಇಳಿಯಬೇಡಿ ಅಂದ ಜಾಗದಲ್ಲಿ ಈಜು ಬಲ್ಲವರೂ ಇಳಿಯಬಾರದು. ಹೊಳೆಗಿಂತಲೂ ಕಣ್ಣಿಗೆ ಬೀಳದ ಅಪಾಯ ಕೃಷಿಹೊಂಡದ್ದು. ನೀರು ಇಂಗಬಾರದೆಂದು ಪ್ಲಾಸ್ಟಿಕ್ ಹಾಸಿದ ಹೊಂಡ ಅದು. ನೋಡಲು ಈಜುಕೊಳವೇ, ಆದರೆ ಬಿದ್ದವರಿಗೆ ಮೇಲೆ ಹತ್ತಲು ಕಾಲಿಗೆ ಏನೂ ಆಧಾರ ಸಿಗುವುದಿಲ್ಲ. ತೋಟಕ್ಕೆ ಮುಟ್ಟಿದ ಕೂಡಲೇ ಹೊಂಡ ಎಲ್ಲಿದೆ, ಬೇಲಿ ಇದೆಯಾ, ಬಾವಿಗೆ ಕಟ್ಟೆ ಇದೆಯಾ, ಸೋಲಾರ್ ಬೇಲಿ ಯಾವ ಕಡೆ ಹಾದಿದೆ ಅಂತ ಮನೆಯವರ ಜೊತೆ ನಡೆದು ನೋಡಿ, ಮಕ್ಕಳಿಗೂ ತೋರಿಸಿ. ಚೀಲ ಬಿಚ್ಚುವುದು ಆಮೇಲೆ. ರಾತ್ರಿ ಅಂಗಳಕ್ಕಿಳಿಯುವಾಗ ಚಪ್ಪಲಿ, ಟಾರ್ಚು ಎರಡೂ ಬೇಕು. ಹಾವು ಕಚ್ಚಿದರೆ ಕುಯ್ಯುವುದು, ಬಿಗಿಯುವುದು ಮಾಡದೆ ಕಾಲು ಅಲುಗದಂತೆ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಓಡಬೇಕು. ಅದು ಎಷ್ಟು ದೂರ ಅನ್ನುವುದೂ ಬರುವ ಮೊದಲೇ ಕೇಳಿಕೊಳ್ಳಬೇಕಾದ ಮಾತು.

ಊಟದ ವಿಷಯಕ್ಕೆ ಬರೋಣ. ಮನೆಯಲ್ಲಿ ಏನು ಮಾಡುತ್ತಾರೋ ಅದನ್ನು ಉಣ್ಣುವ ಮನಸ್ಸು ಮಾಡಿಕೊಂಡು ಬನ್ನಿ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಕೆಸುವಿನ ಪತ್ರೊಡೆ, ಬೆಳಿಗ್ಗೆ ತೆಳ್ಳೇವು-ಜೋನಿ ಬೆಲ್ಲ. ತೀರ್ಥಹಳ್ಳಿಯ ಕಡೆ ಒಕ್ಕಲಿಗರ ಮನೆಯಾದರೆ ಕಡುಬು, ಕೋಳಿಸಾರು. ಮಾಂಸ, ಮದ್ಯದ ವಿಷಯದಲ್ಲಿ ಒಂದೊಂದು ಮನೆಯದು ಒಂದೊಂದು ಕ್ರಮ, ಮೊದಲೇ ಕೇಳಿದರೆ ಯಾರಿಗೂ ಮುಜುಗರವಿಲ್ಲ. ಸೊಪ್ಪು ಅಂದರೆ ಮೂತಿ ತಿರುಗಿಸುವ ಮಗುವನ್ನು ಊಟಕ್ಕೆ ಮುಂಚೆ ಹಿತ್ತಿಲಿಗೆ ಕಳಿಸಿ. ತಾನೇ ಕಿತ್ತು ತಂದ ಒಂದೆಲಗ ಕಣ್ಣೆದುರೇ ತೆಂಗಿನ ತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೀಳುವುದನ್ನು ನೋಡಿದ ಮಗು ಆ ತಂಬುಳಿಯನ್ನು ಬಿಡುವುದಿಲ್ಲ. ಮಕ್ಕಳಿಗೆ ಖಾರ ಆಗದು, ಕಡಲೆಬೀಜ ಒಗ್ಗದು ಅಂತಿದ್ದರೆ ಬರುವ ಮುಂಚೆಯೇ ಹೇಳಿ.

ತಂಗೀ, ಒಂದು ಮಾತು ನಿನಗೇ ಹೇಳಬೇಕು. ಆ ಅಡುಗೆಯ ಹಿಂದೆ ಒಬ್ಬಳು ಹೆಂಗಸಿದ್ದಾಳೆ. ನಸುಕಿನಲ್ಲೆದ್ದು ಕೊಟ್ಟಿಗೆ ಮುಗಿಸಿ, ಕೆಲಸದವರಿಗೆ ತಿಂಡಿ ಮಾಡಿ, ಆಮೇಲೆ ನಿಮಗೆ ದೋಸೆ ಎರೆಯುತ್ತಾಳೆ. ಒಬ್ಬರು ಎಂಟಕ್ಕೆ, ಒಬ್ಬರು ಒಂಬತ್ತೂವರೆಗೆ, ಮಕ್ಕಳು ಹತ್ತೂಕಾಲಿಗೆ ಎದ್ದು ಬಂದರೆ ಅವಳು ಒಲೆಯ ಮುಂದಿನಿಂದ ಏಳುವುದೇ ಇಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಅಡುಗೆ ಮನೆಗೆ ಬರಬಹುದಾ ಅಂತ ಕೇಳಿ ಒಳಗೆ ಹೋಗು, ಅವಳ ಜೊತೆ ಅರ್ಧ ಗಂಟೆ ಕೂತು ಮಾತಾಡು. ನಾನು ಇಷ್ಟು ವರ್ಷದಲ್ಲಿ ಬಂದುಹೋದವರಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಹಾಗೆ ಬಂದು ಪಕ್ಕದಲ್ಲಿ ಕೂತವರನ್ನೇ. ತಮ್ಮಾ, ನೀನೂ ಆಫೀಸಿನ ಫೋನಿಗೆ ನೆಟ್‌ವರ್ಕ್ ಹುಡುಕುತ್ತ ದಿಬ್ಬದ ಮೇಲೆ ನಿಂತು ನಾಲ್ಕು ದಿನ ಕಳೆಯಬೇಡ. ಮಕ್ಕಳ ಜೊತೆ ಕೊಟ್ಟಿಗೆಗೆ ಹೋಗು. ಮಲೆನಾಡು ಗಿಡ್ಡ ಅಂತ ನಮ್ಮದೊಂದು ತಳಿಯಿದೆ, ಕರು ನಿನ್ನ ಮಗಳ ಎತ್ತರಕ್ಕಿಂತ ಸಣ್ಣದು. ಹಸುವಿನ ಹಿಂದಿನಿಂದ ಹೋಗಬಾರದು, ಹೊಸಬರು ಹಾಲು ಕರೆಯಲು ಕೂತರೆ ಅದು ಸೊರೆ ಬಿಡುವುದಿಲ್ಲ. ಹುಲ್ಲು ಕೊಡಲು ಮಾತ್ರ ಅಡ್ಡಿಯಿಲ್ಲ.

ನಮ್ಮೂರಿನಂಥ ಕಡೆ ಕಸದ ಗಾಡಿ ಬರುವುದಿಲ್ಲ. ಮಗುವಿನ ಡೈಪರ್ ಅನ್ನು ನಾವು ಎಲ್ಲಿ ಹಾಕಬೇಕು ಹೇಳಿ? ಸುಟ್ಟರೆ ಉರಿಯದು, ಹೂತರೆ ಕೊಳೆಯದು. ಮಳೆ ಬಂದರೆ ತೋಟದ ಕಾಲುವೆಯಲ್ಲಿ ತೇಲಿ ಬರುತ್ತದೆ. ಡೈಪರ್, ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ತಂದದ್ದನ್ನೆಲ್ಲ ಚೀಲ ಕಟ್ಟಿ ವಾಪಸು ಒಯ್ಯಿರಿ. ಈ ಮಾತನ್ನು ಮನೆಯವರು ಸಂಕೋಚಕ್ಕೆ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ಹಳ್ಳದಲ್ಲಿ ಸೋಪು, ಶಾಂಪೂ ಬೇಡ. ಕೆಳಗಿನ ಮನೆಯವರು ಕುಡಿಯುವುದು ಅದೇ ನೀರು.

ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ. ಬೆಲೆ ಹೆಚ್ಚಾಯಿತು ಅನಿಸಿದರೆ ಬೇರೆ ಮನೆ ನೋಡಿ, ಆದರೆ ಒಪ್ಪಿ ಬಂದ ಮೇಲೆ ಹೊರಡುವ ದಿನ ನಿಂತು ಕಡಿಮೆ ಮಾಡಿ ಅನ್ನಬೇಡಿ. ಅಡಿಕೆಯ ದರ ಏರಿಳಿಯುವ, ಮಂಗ-ಹಂದಿ ಬೆಳೆ ತಿನ್ನುವ ಕಾಲದಲ್ಲಿ ಈ ಕೋಣೆಯ ಬಾಡಿಗೆಯಿಂದಲೇ ಮಗಳ ಕಾಲೇಜು ಫೀಸು ಕಟ್ಟುವ ಮನೆಗಳಿವೆ. ಮನೆಯಲ್ಲಿ ಬೆಳೆದ ಕಾಳುಮೆಣಸು, ಜೋನಿ ಬೆಲ್ಲ, ಹಪ್ಪಳ, ಮಿ‌ಡಿ ಉಪ್ಪಿನಕಾಯಿ ಮಾರಲು ಇಟ್ಟಿದ್ದರೆ ಕೊಳ್ಳಿ, ಇಲ್ಲದಿದ್ದರೆ ಒತ್ತಾಯ ಮಾಡಬೇಡಿ. ತೋಟದ ಕೆಲಸದವರ ಫೋಟೋ ತೆಗೆಯುವ ಮೊದಲು ಅವರ ಹೆಸರು ಕೇಳಿ, ತೆಗೆಯಲಾ ಅಂತ ಕೇಳಿ. ತೆಗೆದ ಮೇಲೆ ಊರಿಗೆ ಹೋಗಿ ಪ್ರಿಂಟು ಹಾಕಿಸಿ ಅಂಚೆಯಲ್ಲಿ ಕಳಿಸಿ. ಮೊಬೈಲಿಗೆ ಕಳಿಸಿದ ಫೋಟೋ ಯಾರ ಕೈಗೂ ಸೇರುವುದಿಲ್ಲ, ಕಾಗದದ ಫೋಟೋ ಗೋಡೆಗೆ ಏರುತ್ತದೆ.

ಬರುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಸಾಗರ, ತಾಳಗುಪ್ಪಕ್ಕೆ ರಾತ್ರಿ ರೈಲಿದೆ, ಮಕ್ಕಳು ಮಲಗಿಕೊಂಡೇ ಬಂದುಬಿಡುತ್ತಾರೆ. ಕಾರಿನಲ್ಲಿ ಬರುವುದಾದರೆ ಕತ್ತಲಾಗುವ ಮೊದಲು ಮನೆ ಮುಟ್ಟಿ, ಒಳರಸ್ತೆಯ ತಿರುವಿನಲ್ಲಿ ಮ್ಯಾಪು ಕೈಕೊಡುತ್ತದೆ. ಮೂರು ರಾತ್ರಿಗಿಂತ ಕಡಿಮೆಗೆ ಬರಬೇಡಿ. ಮೊದಲ ದಿನ ದಣಿವು, ಎರಡನೆಯ ದಿನ ಸಂಕೋಚ, ಮಕ್ಕಳು ಆ ಮನೆಯ ಮಕ್ಕಳ ಜೊತೆ ಬೆರೆಯುವುದೇ ಮೂರನೆಯ ದಿನ. ಜೋಗ, ಇಕ್ಕೇರಿ, ಕೆಳದಿ, ವರದಹಳ್ಳಿ, ಬನವಾಸಿ ಎಲ್ಲವನ್ನೂ ಆ ಮೂರೇ ದಿನದಲ್ಲಿ ನೋಡಿ ಮುಗಿಸುತ್ತೇವೆ ಅಂದರೆ ತೋಟದ ಮನೆ ಯಾಕೆ, ಪೇಟೆಯ ಲಾಡ್ಜೇ ಸಾಕು. ಒಂದು ಕಡೆ ಹೋಗಿ ಬನ್ನಿ, ಉಳಿದ ದಿನ ಮನೆಯಲ್ಲೇ ಇರಿ.

ಕಡೆಗೊಂದು ಮಾತು. ಒಂದು ಮನೆ ಮನಸ್ಸಿಗೆ ಹಿಡಿಸಿತು ಅಂತಾದರೆ ಮುಂದಿನ ವರ್ಷ ಹೊಸ ಜಾಗ ಹುಡುಕಬೇಡಿ. ಕೊಯ್ಲಿಗೆ ಬಂದವರು ಹಪ್ಪಳದ ಕಾಲಕ್ಕೆ ಬನ್ನಿ, ಅದರ ಮುಂದಿನ ಸಲ ಭೂಮಿ ಹುಣ್ಣಿಮೆಗೆ ಬನ್ನಿ. ಅದೇ ಮನೆ, ಅದೇ ಜನ, ಬೇರೆ ಕೆಲಸ. ಹೊರಡುವ ದಿನ ಲೆಕ್ಕ ಮುಗಿಸಿದ ಮೇಲೆ, ಮುಂದಿನ ಸಲ ಯಾವಾಗ ಬಂದರೆ ಅನುಕೂಲ ಅಂತ ಮನೆಯವರನ್ನೇ ಕೇಳಿ, ಆ ತಾರೀಖನ್ನು ಅಲ್ಲೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ.